ಫ್ಲೋರೈಡ್ ನೀರು, ಫಾರೆವರ್ ಕೆಮಿಕಲ್, ಟಿಸಿ ಎಣ್ಣೆ: ಗಿಣಿಗೇರಾ ಕಡೆಯ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮ ಊರು ಕೊಪ್ಪಳ ತಾಲ್ಲೂಕಿನ ಗಿಣಿಗೇರಾ ಕಡೆ. ಸುತ್ತಮುತ್ತ ಫ್ಯಾಕ್ಟರಿಗಳಿವೆ. ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಪಂಚಾಯ್ತಿಯವರು ಮೊದಲೇ ಹೇಳಿದ್ದಾರೆ. ಹಾಗಾಗಿ ಕುಡಿಯಲು ಆರ್‌ಒ ಘಟಕದ ನೀರು ತರುತ್ತೇವೆ. ಮೊನ್ನೆ ಮಗ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ‘ಫಾರೆವರ್ ಕೆಮಿಕಲ್’ ಅಂತೆ. ಅದರಲ್ಲೂ ಫ್ಲೋರಿನ್ ಇದೆಯಂತೆ, ಎಷ್ಟು ವರ್ಷವಾದರೂ ಹೋಗುವುದಿಲ್ಲವಂತೆ. ನಮ್ಮ ನೀರಿನಲ್ಲಿರುವುದೂ ಅದೇನಾ? ಕುದಿಸಿದರೆ ಹೋಗುತ್ತಾ? ಆರ್‌ಒ ಸಾಕಾ? ಮನೆಯ ನಾನ್‌ಸ್ಟಿಕ್ ತವಾ ಬಿಸಾಡಬೇಕಾ? ನೀರನ್ನು ಎಲ್ಲಿ ಪರೀಕ್ಷೆ ಮಾಡಿಸಬೇಕು? ಇನ್ನೊಂದು ಮಾತು. ನಮ್ಮ ಮಾವನವರು ಮಂಡಿನೋವಿಗೆ ಟಿಸಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಎಣ್ಣೆ ಹಚ್ಚಿಕೊಳ್ಳುತ್ತಾರೆ. ವಿಡಿಯೊದಲ್ಲಿ ಅದರ ವಿಷಯವೂ ಬಂತು. ಅದೂ ಅಪಾಯವಾ?

ಉತ್ತರ: ಕೊನೆಗೆ ಕೇಳಿದ್ದನ್ನೇ ಮೊದಲು ಹೇಳಿಬಿಡುತ್ತೇನೆ, ತಾಯಿ. ಟಿಸಿ ಎಣ್ಣೆ ಹಚ್ಚುವುದನ್ನು ಇವತ್ತೇ ಬಿಡಿಸಿ. ನಿಮ್ಮ ಪ್ರಶ್ನೆಗಳಲ್ಲಿ ಇವತ್ತೇ ಮಾಡಬೇಕಾದದ್ದು ಇದೊಂದೇ. ಉಳಿದದ್ದನ್ನು ಕೂತು ಯೋಚಿಸಿ ಮಾಡಬಹುದು.

ಟಿಸಿ ಒಳಗೆ ಸಾಮಾನ್ಯವಾಗಿ ಇರುವುದು ಕಚ್ಚಾ ತೈಲದಿಂದ ತೆಗೆದ ಎಣ್ಣೆ. ಒಳಗಿನ ತಂತಿಯ ಸುರುಳಿ ಕಾಯದಂತೆ, ಕಿಡಿ ಹಾರದಂತೆ ನೋಡಿಕೊಳ್ಳುವುದು ಅದರ ಕೆಲಸ. ವರ್ಷಗಟ್ಟಲೆ ಕಾದು ಕೆಟ್ಟ ಎಣ್ಣೆ ಅದು. ಅಷ್ಟೇ ಆಗಿದ್ದರೂ ಮೈಗೆ ಹಚ್ಚುವಂಥದ್ದಲ್ಲ. ಆದರೆ ಹಳೆಯ ಕಾಲದ ಕೆಲವು ಟ್ರಾನ್ಸ್‌ಫಾರ್ಮರ್‌, ಕೆಪಾಸಿಟರ್‌ಗಳಲ್ಲಿ ಪಿಸಿಬಿ ಎಂಬ ಕೆಮಿಕಲ್ ತುಂಬುತ್ತಿದ್ದರು. ಪೂರ್ತಿ ಹೆಸರು ಪಾಲಿಕ್ಲೋರಿನೇಟೆಡ್ ಬೈಫಿನೈಲ್. ಅಮೆರಿಕದಲ್ಲಿ 1929ರಿಂದ ಇದರ ತಯಾರಿಕೆ ಶುರುವಾಯಿತು. ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ, ಕರೆಂಟ್ ದಾಟುವುದಿಲ್ಲ, ಕೆಡುವುದೂ ಇಲ್ಲ. ಎಂಜಿನಿಯರುಗಳಿಗೆ ಇನ್ನೇನು ಬೇಕು? ಆದರೆ ಮಣ್ಣಿಗೆ ಬಿದ್ದರೂ ಕೆಡಲಿಲ್ಲ, ಮೈಯೊಳಗೆ ಹೋದರೂ ಕೆಡಲಿಲ್ಲ. ಕೊಬ್ಬಿನಲ್ಲಿ ಸೇರಿಕೊಂಡು ಅಲ್ಲೇ ಉಳಿಯಿತು.

1968ರಲ್ಲಿ ಜಪಾನಿನಲ್ಲಿ ತೌಡಿನ ಎಣ್ಣೆ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಎಣ್ಣೆ ಕಾಯಿಸುವ ಪೈಪಿನಿಂದ ಪಿಸಿಬಿ ಸೋರಿತು. ಅಡುಗೆ ಎಣ್ಣೆಯ ಜೊತೆ ಸಾವಿರಾರು ಜನರ ಹೊಟ್ಟೆ ಸೇರಿತು. ಮೈತುಂಬ ಕಪ್ಪು ಮೊಡವೆಯಂಥ ಗುಳ್ಳೆಗಳು ಎದ್ದವು. ಬಸಿರಿಯರ ಹೊಟ್ಟೆಯಲ್ಲಿದ್ದ ಕೂಸುಗಳಿಗೂ ಅದರ ಪೆಟ್ಟು ಬಿತ್ತು. ಈಗ ಪಿಸಿಬಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಮೊದಲ ಗುಂಪಿನಲ್ಲಿದೆ. ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ಗುಂಪು ಅದು.

ನಮ್ಮ ದೇಶದಲ್ಲಿ ಪಿಸಿಬಿ ತಯಾರಾಗಲಿಲ್ಲ. ಹೊರಗಿನಿಂದ ತರಿಸಿದ ಸಲಕರಣೆಗಳ ಹೊಟ್ಟೆಯಲ್ಲಿ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಇದರ ತಯಾರಿಕೆ, ಆಮದು ನಿಷೇಧಿಸಿತು. ಬಳಕೆಯನ್ನು ಪೂರ್ತಿ ನಿಲ್ಲಿಸಲು 2025ರ ಡಿಸೆಂಬರ್ 31ರ ಗಡುವು ಕೊಟ್ಟಿತು. ಇಂಥ ಎಣ್ಣೆಯನ್ನು ನಾಶಮಾಡಲು ಭಿಲಾಯಿ ಉಕ್ಕು ಕಾರ್ಖಾನೆಯಲ್ಲಿ ವ್ಯವಸ್ಥೆ ಮಾಡುವ ರಾಷ್ಟ್ರೀಯ ಯೋಜನೆಯೂ ಬಂತು. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಅದರಲ್ಲಿ ಪಾಲುದಾರ. ಒಂದು ಎಣ್ಣೆಯನ್ನು ಸುಡಲು ಇಷ್ಟೆಲ್ಲ ಏರ್ಪಾಡು ಬೇಕು ಅಂದರೆ, ಅದನ್ನು ಮಂಡಿಗೆ ಹಚ್ಚುವ ಮಾತೇ ಬೇಡ ಅಲ್ವಾ?

‘ನಮ್ಮ ಹೊಲದ ಟಿಸಿ ಹೊಸದು, ಅದರಲ್ಲಿ ಪಿಸಿಬಿ ಎಲ್ಲಿಂದ ಬರಬೇಕು?’ ಅಂತ ಮಾವನವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತೊಂದರೆ ಇರುವುದು ರಿಪೇರಿಯಲ್ಲಿ. ಸುಟ್ಟ ಟಿಸಿ ರಿಪೇರಿಗೆ ಹೋದಾಗ ಹಳೆಯ ಎಣ್ಣೆಯನ್ನು ಸೋಸಿ ಮತ್ತೆ ತುಂಬುತ್ತಾರೆ. ಸೋಸುವ ಯಂತ್ರ ಒಂದೇ, ಪೈಪೂ ಒಂದೇ. ಎಂದೋ ಒಂದು ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆ ಅದರಲ್ಲಿ ಹಾದುಹೋಗಿದ್ದರೆ ಸ್ವಲ್ಪ ಸ್ವಲ್ಪ ಎಲ್ಲದಕ್ಕೂ ಅಂಟುತ್ತದೆ. ನೀರಿಗೆ ಹನಿ ಹಾಕಿ, ಮುಳುಗಿದರೆ ಪಿಸಿಬಿ, ತೇಲಿದರೆ ಒಳ್ಳೆಯ ಎಣ್ಣೆ ಅನ್ನುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಅಪ್ಪಟ ಪಿಸಿಬಿ ನೀರಿಗಿಂತ ಭಾರ, ಮುಳುಗುವುದು ನಿಜ. ಬೆರೆತ ಎಣ್ಣೆ ಮಾತ್ರ ತೇಲುತ್ತಲೇ ಇರುತ್ತದೆ. ಅದನ್ನು ನಂಬಬೇಡಿ. ಬಾಟಲಿಯಲ್ಲಿ ಉಳಿದಿದ್ದರೆ ಒಲೆಗೂ ಸುರಿಯಬೇಡಿ, ಚರಂಡಿಗೂ ಬೇಡ. ಬಿಗಿಯಾಗಿ ಮುಚ್ಚಿ ಜೆಸ್ಕಾಂ ಸೆಕ್ಷನ್ ಆಫೀಸಿಗೆ ಕೊಡಿ. ಮಾವನವರ ಮಂಡಿಗೆ ಉಗುರುಬೆಚ್ಚನೆಯ ಎಳ್ಳೆಣ್ಣೆ ಹಚ್ಚಿ. ನೋವು ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಬೆನ್ನು, ಕುತ್ತಿಗೆಯೂ ಬಿಗಿದಿದ್ದರೆ ಮನೆಯ ನೀರಿನ ಫ್ಲೋರೈಡ್ ಎಷ್ಟು ಅನ್ನುವುದನ್ನೂ ಅವರಿಗೆ ಹೇಳಿ. ನಮ್ಮ ಕಡೆ ವಯಸ್ಸಾದವರ ಮಂಡಿನೋವನ್ನೆಲ್ಲ ‘ವಾಯು’ ಅಂತ ತಳ್ಳಿಹಾಕುವುದು ಜಾಸ್ತಿ.

ಈಗ ನೀರಿಗೆ ಬರೋಣ. ನಿಮ್ಮ ಬೋರಿನ ಫ್ಲೋರೈಡ್ ಬೇರೆ, ವಿಡಿಯೊದ ಫಾರೆವರ್ ಕೆಮಿಕಲ್ ಬೇರೆ. ಎರಡರಲ್ಲೂ ಫ್ಲೋರಿನ್ ಇದೆ, ಅದಷ್ಟೇ ನೆಂಟಸ್ತನ.

ಫ್ಲೋರೈಡ್ ಬರುವುದು ಬಂಡೆಯಿಂದ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳ ನೆಲದಡಿ ಗ್ರಾನೈಟ್, ನೈಸ್ ಕಲ್ಲು. ಅದರೊಳಗೆ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕದಂಥ ಖನಿಜಗಳಿವೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಕರಗಿ ಬರುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆ, ಸೋಡಾದ ಅಂಶ ಜಾಸ್ತಿ ಇದ್ದರೆ ಇನ್ನೂ ಬೇಗ ಕರಗುತ್ತದೆ. ಮಳೆ ಕಡಿಮೆ, ಬೋರು ಆಳ, ಹಳೆಯ ನೀರು. ಹೀಗಾಗಿ ನಮ್ಮಲ್ಲಿ ಈ ಕಾಟ. ಇದಕ್ಕೆ ಯಾವ ಫ್ಯಾಕ್ಟರಿಯೂ ಬೇಕಿಲ್ಲ. ಫ್ಯಾಕ್ಟರಿ ಬರುವ ಮೊದಲೂ ಇತ್ತು. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುವುದು ನಮ್ಮ ಭಾರತೀಯ ಮಾನಕ. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ಮೂಳೆ ಗಟ್ಟಿಕಟ್ಟಿ, ಕೀಲು ಮಡಚಲು ಬಾರದಂತಾಗುತ್ತದೆ.

ಫಾರೆವರ್ ಕೆಮಿಕಲ್ ಯಾವ ಬಂಡೆಯಿಂದಲೂ ಬರುವುದಿಲ್ಲ. ಮನುಷ್ಯ ಮಾಡಿದ್ದು. ಇವುಗಳ ಗುಂಪಿಗೆ ಪಿಫಾಸ್ ಅನ್ನುತ್ತಾರೆ. ಹಲವು ದೇಶಗಳ ಆರ್ಥಿಕ ಒಕ್ಕೂಟವಾದ ಒಇಸಿಡಿ 2018ರಲ್ಲಿ ಪಟ್ಟಿ ಮಾಡಿದಾಗಲೇ 4,700ಕ್ಕೂ ಹೆಚ್ಚು ಇದ್ದವು. ಇವುಗಳಲ್ಲಿ ಫ್ಲೋರಿನ್ ಒಂಟಿಯಾಗಿ ಇರುವುದಿಲ್ಲ, ಇಂಗಾಲಕ್ಕೆ ಕಟ್ಟಿಕೊಂಡಿರುತ್ತದೆ. ಆ ಕಟ್ಟು ಸಾವಯವ ರಸಾಯನದಲ್ಲಿ ಅತಿ ಗಟ್ಟಿಯಾದವುಗಳಲ್ಲಿ ಒಂದು. ಬಿಸಿಲು, ಬೆಂಕಿ, ಆಮ್ಲ, ಸೂಕ್ಷ್ಮಜೀವಿ ಯಾವುದೂ ಸುಲಭಕ್ಕೆ ಬಿಡಿಸಲಾರದು. ಗುಂಪಿನ ಹೆಸರಾಂತ ಸದಸ್ಯರಾದ ಪಿಎಫ್‌ಒಎ, ಪಿಎಫ್‌ಒಎಸ್ ಎರಡಕ್ಕೂ ಉದ್ದನೆಯ ಬಾಲ, ಚಿಕ್ಕ ತಲೆ. ತಲೆ ನೀರನ್ನು ಹಿಡಿಯುತ್ತದೆ. ಬಾಲ ನೀರನ್ನೂ ಎಣ್ಣೆಯನ್ನೂ ದೂರ ತಳ್ಳುತ್ತದೆ. ಕಲೆ ಹಿಡಿಯದ ಬಟ್ಟೆ, ನೀರು ಇಳಿಯದ ರೇನ್‌ಕೋಟು, ಎಣ್ಣೆ ಹೀರದ ಕಾಗದ, ಪೆಟ್ರೋಲ್ ಬೆಂಕಿಗೆ ಹೊಡೆಯುವ ನೊರೆ, ಇಷ್ಟಕ್ಕೂ ಇದೇ ಗುಣ ಬೇಕಾಯಿತು.

ಇದರಿಂದ ನಿಮಗೆ ತಿಳಿಯಬೇಕಾದ ಒಂದು ಕೆಲಸದ ವಿಷಯ ಇದೆ. ಪಂಚಾಯ್ತಿಯಲ್ಲಿ ಕಿಟ್‌ನಿಂದ ಮಾಡುವ ಫ್ಲೋರೈಡ್ ಪರೀಕ್ಷೆಗೆ ಪಿಫಾಸ್ ಕಾಣುವುದೇ ಇಲ್ಲ. ಅದು ನೀರಿನಲ್ಲಿ ಬಿಡಿಯಾಗಿರುವ ಫ್ಲೋರೈಡನ್ನು ಮಾತ್ರ ಎಣಿಸುತ್ತದೆ. ಹಾಗಾಗಿ ‘ಫ್ಲೋರೈಡ್ 0.8, ನೀರು ಸೇಫ್’ ಅನ್ನುವ ಚೀಟಿ ಪಿಫಾಸ್ ಬಗ್ಗೆ ಏನೂ ಹೇಳುವುದಿಲ್ಲ. ಫ್ಲೋರೈಡ್ 3 ಇದೆ ಅಂದಕೂಡಲೇ ಫ್ಯಾಕ್ಟರಿ ವಿಷ ಬಂದಿದೆ ಅಂತಲೂ ಅಲ್ಲ.

ಅಳತೆಯಲ್ಲೂ ಅಜಗಜಾಂತರ. ಅಮೆರಿಕ 2024ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೆ ಪಿಎಫ್‌ಒಎ, ಪಿಎಫ್‌ಒಎಸ್ ಎರಡಕ್ಕೂ ತಲಾ 4 ನ್ಯಾನೋಗ್ರಾಂ ಮಿತಿ ಹಾಕಿತು, ಒಂದು ಲೀಟರಿಗೆ. ಒಂದು ನ್ಯಾನೋಗ್ರಾಂ ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಫ್ಲೋರೈಡಿನ 1.5 ಮಿಲಿಗ್ರಾಂ ಅದೇ ಲೆಕ್ಕದಲ್ಲಿ 15 ಲಕ್ಷ ನ್ಯಾನೋಗ್ರಾಂ. ಯುರೋಪಿನಲ್ಲಿ 20 ಬಗೆಯ ಪಿಫಾಸ್ ಒಟ್ಟು ಸೇರಿ 100 ನ್ಯಾನೋಗ್ರಾಂ ಮೀರಬಾರದು. ಕುಡಿಯುವ ನೀರಿನ ನಮ್ಮ ಭಾರತೀಯ ಮಾನಕ, ಐಎಸ್ 10500, 2012ರ ಪಟ್ಟಿಯಲ್ಲಿ ಪಿಸಿಬಿಗೂ ಮಿತಿ ಇದೆ, ಆರ್ಸೆನಿಕ್‌ಗೂ ಇದೆ. ಪಿಫಾಸ್‌ಗೆ ಒಂದು ಸಾಲೂ ಇಲ್ಲ. ಸಾಲು ಇಲ್ಲದ್ದನ್ನು ಯಾವ ಸರ್ಕಾರಿ ಲ್ಯಾಬೂ ದಿನನಿತ್ಯ ಅಳೆಯುವುದಿಲ್ಲ. ಹಾಗಂತ ಇದು ಹೊರದೇಶದ ಮಾತು ಅಂದುಕೊಳ್ಳಬೇಡಿ. ಗಂಗಾ ಬಯಲಿನ ನದಿ ನೀರು, ಅಂತರ್ಜಲ ಎರಡರಲ್ಲೂ ಪಿಫಾಸ್ ಸಿಕ್ಕಿದೆ. ಇಟಲಿಯ ವೆನೆಟೊ ಸೀಮೆಯಲ್ಲಿ ಲಕ್ಷಾಂತರ ಜನರ ಕುಡಿಯುವ ನೀರು ಕೆಡಿಸಿದ ಒಂದು ಕಾರ್ಖಾನೆ 2018ರಲ್ಲಿ ದಿವಾಳಿ ಎದ್ದಿತು. ಅದರ ಯಂತ್ರಗಳು ಹಡಗು ಹತ್ತಿ ಬಂದದ್ದು ಪಕ್ಕದ ಮಹಾರಾಷ್ಟ್ರದ ಕೊಂಕಣಕ್ಕೆ.

ಪಿಫಾಸ್ ದೊಡ್ಡ ಸುದ್ದಿಯಾದದ್ದೇ ದನಗಳಿಂದ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಪಾರ್ಕರ್ಸ್‌ಬರ್ಗ್ ಅನ್ನುವ ಊರು. ಅಲ್ಲಿ ನಾನ್‌ಸ್ಟಿಕ್ ಪಾತ್ರೆಯ ಲೇಪವಾದ ಟೆಫ್ಲಾನ್ ತಯಾರಿಸುವ ಕಾರ್ಖಾನೆ. ಅದರ ಕಸ ಹೂಳಿದ ಜಾಗದ ಕೆಳಗಿನ ಹಳ್ಳದ ನೀರು ಕುಡಿದ ಒಬ್ಬ ರೈತರ ದನಗಳು ಒಂದೊಂದಾಗಿ ಸತ್ತವು. ರಾಬ್ ಬಿಲೋಟ್ ಎಂಬ ವಕೀಲರು 1999ರಲ್ಲಿ ಕೇಸು ಹಾಕಿದರು. ಅದು ಬೆಳೆದು ಸುಮಾರು 69,000 ಜನರ ರಕ್ತ ಪರೀಕ್ಷೆಯವರೆಗೆ ಹೋಯಿತು. ಕೊಲೆಸ್ಟ್ರಾಲ್ ಏರಿಕೆ, ಥೈರಾಯ್ಡ್ ತೊಂದರೆ, ಬಸುರಿನ ಬಿಪಿ, ದೊಡ್ಡ ಕರುಳಿನ ಹುಣ್ಣು, ಮೂತ್ರಪಿಂಡದ ಕ್ಯಾನ್ಸರ್, ವೃಷಣದ ಕ್ಯಾನ್ಸರ್ ಈ ಆರಕ್ಕೂ ಪಿಎಫ್‌ಒಎಗೂ ನಂಟಿರುವ ಸಾಧ್ಯತೆ ಹೆಚ್ಚು ಎಂದು 2012ರ ಹೊತ್ತಿಗೆ ವಿಜ್ಞಾನಿಗಳ ತಂಡ ತೀರ್ಮಾನ ಕೊಟ್ಟಿತು. 2023ರ ಕೊನೆಯಲ್ಲಿ ಪಿಎಫ್‌ಒಎ ಕೂಡ ಪಿಸಿಬಿ ಇರುವ ಆ ಮೊದಲ ಗುಂಪಿಗೇ ಸೇರಿತು. ಮಕ್ಕಳಿಗೆ ಹಾಕಿದ ಲಸಿಕೆ ಸರಿಯಾಗಿ ಹಿಡಿಯದಂತೆ ಮಾಡುತ್ತದೆ ಅನ್ನುವುದು ಇನ್ನೊಂದು ದೂರು. ಯುರೋಪಿನವರು ಆಹಾರದ ಮಿತಿ ಹಾಕಿದ್ದು ಅದನ್ನೇ ಮುಂದಿಟ್ಟುಕೊಂಡು.

ಪಿಸಿಬಿ, ಡಿಡಿಟಿ ಕೊಬ್ಬಿನಲ್ಲಿ ಅಡಗುತ್ತವೆ. ಪಿಎಫ್‌ಒಎ, ಪಿಎಫ್‌ಒಎಸ್ ಹಾಗಲ್ಲ. ರಕ್ತದ ಪ್ರೋಟೀನಿಗೆ ಅಂಟಿಕೊಂಡು ಸುತ್ತುತ್ತವೆ, ಪಿತ್ತಜನಕಾಂಗದಲ್ಲಿ ತಂಗುತ್ತವೆ. ಮೂತ್ರದಲ್ಲಿ ಹೊರಟದ್ದನ್ನು ಮೂತ್ರಪಿಂಡವೇ ವಾಪಸ್ ಹೀರಿಕೊಳ್ಳುತ್ತದೆ. ಹಾಗಾಗಿ ಕೆಟ್ಟ ನೀರು ನಿಲ್ಲಿಸಿದ ಮೇಲೂ ಅರ್ಧ ಖಾಲಿಯಾಗಲು ಎರಡರಿಂದ ಐದು ವರ್ಷ ಹಿಡಿಯುತ್ತದೆ. ಒಂದು ಸಲ ಕುಡಿದರೆ ಏನೂ ಆಗುವುದಿಲ್ಲ, ದಿನಾ ಕುಡಿದದ್ದು ಸೇರುತ್ತಾ ಹೋಗುತ್ತದೆ. ಎದೆಹಾಲಿನಲ್ಲೂ ಸ್ವಲ್ಪ ಬರುತ್ತದೆ. ಆದರೆ ವಿಡಿಯೊ ನೋಡಿದ ಯಾರಾದರೂ ಬಾಣಂತಿಗೆ ಎದೆಹಾಲು ಬಿಡಿಸಿ ಅಂದರೆ ಕೇಳಬೇಡಿ. ಎದೆಹಾಲಿನ ಲಾಭ ಅದಕ್ಕಿಂತ ಎಷ್ಟೋ ದೊಡ್ಡದು. ವೈದ್ಯರೂ ಮುಂದುವರಿಸಿ ಅಂತಲೇ ಹೇಳುತ್ತಾರೆ.

ಕುದಿಸಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ಹೋಗುವುದಿಲ್ಲ. ಫ್ಲೋರೈಡೂ ಹೋಗುವುದಿಲ್ಲ, ಪಿಫಾಸೂ ಹೋಗುವುದಿಲ್ಲ. ನೀರು ಆವಿಯಾದಷ್ಟು ಉಳಿದದ್ದರಲ್ಲಿ ಸ್ವಲ್ಪ ಗಟ್ಟಿಯೇ ಆಗುತ್ತವೆ. ಹಾಗಂತ ಕುದಿಸುವುದನ್ನು ಬಿಡಬೇಡಿ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತದ್ದು ನಿಮಗೆ ನೆನಪಿರಬಹುದು. ಹೊಲಸು ಸೇರಿದ ನೀರು ಒಂದೇ ವಾರದಲ್ಲಿ ಜೀವ ತೆಗೆಯುತ್ತದೆ. ಅದಕ್ಕೆ ಕುದಿಸುವುದೇ ಮದ್ದು. ಇವು ಬೇರೆ ಬೇರೆ ಶತ್ರುಗಳು, ಬೇರೆ ಬೇರೆ ಆಯುಧ.

ಆರ್‌ಒ ಇವೆರಡಕ್ಕೂ ಆಗುತ್ತದೆ. ಅದರೊಳಗಿನ ಸೋಸುವ ಪೊರೆ ಒಳ್ಳೆಯ ಸ್ಥಿತಿಯಲ್ಲಿದ್ದರೆ ಫ್ಲೋರೈಡನ್ನೂ ಪಿಫಾಸನ್ನೂ ಬಹುಪಾಲು ತಡೆಯುತ್ತದೆ. ಇದ್ದಿಲಿನ ಫಿಲ್ಟರ್ ಉದ್ದ ಬಾಲದ ಪಿಫಾಸನ್ನು ಹಿಡಿಯುತ್ತದೆ, ಫ್ಲೋರೈಡನ್ನು ಬಿಡುತ್ತದೆ. ಅದೂ ತುಂಬಿದ ಮೇಲೆ ಏನನ್ನೂ ಹಿಡಿಯುವುದಿಲ್ಲ, ಕಾಲಕಾಲಕ್ಕೆ ಬದಲಿಸಬೇಕು. ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲಗೊಂಡ ವಿಧಾನ ಪಿಫಾಸ್‌ಗೆ ಉಪಯೋಗವಿಲ್ಲ. ತಾಮ್ರದ ಕೊಡ, ತುಳಸಿ, ನುಗ್ಗೆಬೀಜ ಇವೂ ಅಷ್ಟೇ. ನಿಮ್ಮ ಊರಿನ ಘಟಕದಲ್ಲಿ ಪೊರೆ ಬದಲಿಸಿ ಎಷ್ಟು ಕಾಲವಾಯಿತು ಅಂತ ಒಮ್ಮೆ ಕೇಳಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರು ಪಿಫಾಸ್ ತೋರಿಸುವುದಿಲ್ಲ. ಆದರೆ ಪೊರೆ ಹರಿದಿದೆಯೋ ಇಲ್ಲವೋ ಅನ್ನುವುದನ್ನು ತೋರಿಸುತ್ತದೆ. ಒಳಗೆ ಹೋಗುವ ನೀರಿನ ಟಿಡಿಎಸ್ 1,200 ಇದ್ದು, ಹೊರಗೆ ಬರುವುದು 600 ಇದ್ದರೆ ಆ ಘಟಕದ ಕಥೆ ಮುಗಿಯಿತು ಅಂತಲೇ ತಿಳಿಯಿರಿ.

ನಿಜವಾಗಿ ನನ್ನ ತಲೆ ಕೊರೆಯುವುದು ಘಟಕದ ಹಿಂದಿನ ಪೈಪು. ಆರ್‌ಒ ಯಾವ ಕೆಮಿಕಲ್ಲನ್ನೂ ನಾಶ ಮಾಡುವುದಿಲ್ಲ, ಈ ಕಡೆಯಿಂದ ತೆಗೆದು ಆ ಕಡೆ ಬಿಡುತ್ತದೆ. ಬಂದ ನೀರಿನಲ್ಲಿ ಅರ್ಧ ಕ್ಯಾನಿಗೆ, ಅರ್ಧ ಚರಂಡಿಗೆ ಅಂದುಕೊಳ್ಳಿ. ಬೋರಿನಲ್ಲಿ ಫ್ಲೋರೈಡ್ 3 ಇದ್ದರೆ ಚರಂಡಿಗೆ ಬೀಳುವ ನೀರಿನಲ್ಲಿ ಹತ್ತಿರಹತ್ತಿರ 6 ಇರುತ್ತದೆ. ಆ ನೀರು ಹೊಂಡವಾಗಿ ನಿಂತ ಕಡೆ ಎಮ್ಮೆ, ಕುರಿ ಬಾಯಿ ಹಾಕುತ್ತವೆ. ದನಗಳಿಗೂ ಹಲ್ಲು ಸವೆದು, ಕಾಲು ಕುಂಟುವ ಫ್ಲೋರೋಸಿಸ್ ಬರುತ್ತದೆ. ಆ ಹೊಂಡ ಇಂಗಿ ಮತ್ತೆ ಬೋರಿಗೇ ಸೇರಿದರೆ? ಇದನ್ನು ಕೈತೋಟಕ್ಕೂ ಬಿಡಬೇಡಿ. ಶೌಚಾಲಯ, ನೆಲ ತೊಳೆಯುವುದು, ಗಾಡಿ ತೊಳೆಯುವುದು, ಅಷ್ಟಕ್ಕೆ ಸಾಕು. ಹೊಂಡಕ್ಕೆ ಬೇಲಿ ಹಾಕಿಸುವುದು ಪಂಚಾಯ್ತಿಗೆ ದೊಡ್ಡ ಖರ್ಚಲ್ಲ.

ನದಿ ನೀರಿನ ಯೋಜನೆ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ಅರ್ಧ ನಿಜ. ತುಂಗಭದ್ರೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ಮಕ್ಕಳಿರುವ ಮನೆಗೆ ಬೋರಿಗಿಂತ ಅದೇ ಲೇಸು, ಅನುಮಾನವೇ ಬೇಡ. ಆದರೆ ಈ ನದಿ ನಮ್ಮನ್ನು ಮುಟ್ಟುವ ಮೊದಲು ಶಿವಮೊಗ್ಗ, ಭದ್ರಾವತಿ, ಹರಿಹರ ದಾಟಿ ಬರುತ್ತದೆ. ಊರುಗಳ ಚರಂಡಿ, ಕಾರ್ಖಾನೆಗಳ ನೀರು ಹೊತ್ತು ತರುತ್ತದೆ. ಹರಿಹರದ ಕಡೆ ನದಿಗೆ ಬಿಡುವ ಕಾರ್ಖಾನೆ ನೀರಿನ ವಿರುದ್ಧ 1980ರ ದಶಕದಲ್ಲಿ ನದಿದಂಡೆಯ ಜನ ದೊಡ್ಡ ಹೋರಾಟ ಮಾಡಿದರು. ಆಗ ಮೀನು ಸತ್ತು ತೇಲುತ್ತಿದ್ದವು, ನೀರು ನಾರುತ್ತಿತ್ತು. ಕಣ್ಣಿಗೆ, ಮೂಗಿಗೆ ಸಾಕ್ಷಿ ಸಿಗುತ್ತಿತ್ತು. ಪಿಫಾಸ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಈ ಮಟ್ಟದಲ್ಲಿ ಮೀನೂ ಸಾಯುವುದಿಲ್ಲ. ನದಿ ನೀರನ್ನು ಶುದ್ಧ ಮಾಡುವ ಮಾಮೂಲಿ ಸ್ಥಾವರದಲ್ಲಿ ಪಟಿಕ ಹಾಕಿ ಕೆಸರು ಇಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬಿಡುತ್ತಾರೆ. ಮೂರರಲ್ಲಿ ಯಾವುದೂ ಪಿಫಾಸನ್ನು ಹಿಡಿಯುವುದಿಲ್ಲ. ಬಂಡೆಯ ತೊಂದರೆ ಬಿಟ್ಟು ಮನುಷ್ಯರ ತೊಂದರೆಯ ಕಡೆ ಹೋಗುತ್ತಿದ್ದೇವೆ ಅನ್ನುವ ಎಚ್ಚರ ಇರಬೇಕು. ನದಿಯನ್ನು ಕಾಯುವುದು ಈಗ ಕುಡಿಯುವ ನೀರಿನ ಇಲಾಖೆಯ ಕೆಲಸವೂ ಹೌದು.

ಹಾಗಾದರೆ ನಿಮ್ಮ ಸುತ್ತಲಿನ ಫ್ಯಾಕ್ಟರಿಗಳಿಂದ ಏನು ಬರಬಹುದು? ಉಕ್ಕು, ಮೆದುಕಬ್ಬಿಣದ ಕಾರ್ಖಾನೆ ಪಿಫಾಸ್ ತಯಾರಿಸುವುದಿಲ್ಲ, ಆದರೆ ಎರಡು ಬಾಗಿಲಿನಿಂದ ಅದು ಒಳಗೆ ಬರಬಹುದು. ಒಂದು, ಬೆಂಕಿ ಆರಿಸುವ ನೊರೆ. ಎಣ್ಣೆಗೆ ಹತ್ತಿದ ಬೆಂಕಿಗೆ ನೀರು ಹಾಕಿದರೆ ಇನ್ನೂ ಹರಡುತ್ತದೆ, ಅದಕ್ಕೆ ನೊರೆ ಬೇಕು. ಎಎಫ್‌ಎಫ್‌ಎಫ್ ಎಂಬ ನೊರೆಯಲ್ಲಿ ಪಿಫಾಸ್ ಇರುತ್ತದೆ. ಎಣ್ಣೆ ಟ್ಯಾಂಕು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ದೊಡ್ಡ ಕಾರ್ಖಾನೆ ಎಲ್ಲ ಕಡೆ ಇಂಥ ನೊರೆ ಇಟ್ಟಿರುತ್ತಾರೆ. ಬೆಂಕಿ ಬೀಳದಿದ್ದರೂ ಅಣಕು ಪ್ರದರ್ಶನ ಅಂತ ಹೊಡೆಯುತ್ತಾರೆ. ಆ ನೊರೆ ನೀರು ಎಲ್ಲಿಗೆ ಹೋಯಿತು? ಪ್ರಪಂಚದ ಬಹಳ ಕಡೆ ಅಂತರ್ಜಲಕ್ಕೆ ಪಿಫಾಸ್ ಇಳಿದದ್ದು ಈ ತಾಲೀಮಿನ ಮೈದಾನಗಳಿಂದಲೇ. ಎರಡನೆಯದು ಕ್ರೋಮ್ ಪ್ಲೇಟಿಂಗ್. ತೊಟ್ಟಿಯಿಂದ ವಿಷದ ಹಬೆ ಏಳದಂತೆ ಪಿಎಫ್‌ಒಎಸ್ ಹಾಕುವ ಪದ್ಧತಿ ಇತ್ತು. ಮನೆ, ಅಂಗಡಿಯಲ್ಲಿ ತೂಗುಹಾಕುವ ಕೆಂಪು ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಪುಡಿ ಇರುತ್ತದೆ, ಅದರ ಭಯ ಬೇಡ.

ನನ್ನನ್ನು ಕೇಳಿದರೆ ಗಿಣಿಗೇರಾ, ತೋರಣಗಲ್ಲು ಕಡೆಯ ಕಾರ್ಖಾನೆ ಸೀಮೆಯಲ್ಲಿ ಪಿಫಾಸಿಗಿಂತ ಮೊದಲು ಹೊಗೆಯನ್ನು ನೋಡಬೇಕು. ಅದಿರಿನ ಪುಡಿಯನ್ನು ಸುಟ್ಟು ಉಂಡೆಗಟ್ಟಿಸುವ ಸಿಂಟರ್ ಘಟಕದಲ್ಲಿ ಡಯಾಕ್ಸಿನ್ ಎಂಬ ವಿಷ ತಾನಾಗಿಯೇ ಹುಟ್ಟುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ, ಬೇಡದ ಕೂಸು. ಬಹುಕಾಲ ಉಳಿಯುವ ವಿಷಗಳ ಮೇಲಿನ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಸಿಂಟರ್ ಘಟಕವನ್ನು ಹೆಸರಿಸಿಯೇ ಬರೆದಿದ್ದಾರೆ. ಭಾರತ 2006ರಲ್ಲಿ ಆ ಒಪ್ಪಂದ ಒಪ್ಪಿದೆ. ಡಯಾಕ್ಸಿನ್ ಹೊಗೆಯ ಜೊತೆ ಹೋಗಿ ಹುಲ್ಲಿನ ಮೇಲೆ ಕೂರುತ್ತದೆ. ಅಲ್ಲಿಂದ ದನದ ಹೊಟ್ಟೆ, ಅಲ್ಲಿಂದ ಹಾಲಿನ ಕೆನೆ. ಅದೇ ಒಪ್ಪಂದದ ಪಟ್ಟಿಯಲ್ಲಿ ಬಯಲಲ್ಲಿ ಕಸ ಸುಡುವುದೂ ಇದೆ, ತಾಮ್ರಕ್ಕಾಗಿ ಕೇಬಲ್ ಸುಡುವುದೂ ಇದೆ. ಗುಜರಿಯವರು ಊರ ಹೊರಗೆ ವೈರು ಸುಡುವುದನ್ನು ನಾವು ಫ್ಯಾಕ್ಟರಿಯ ಲೆಕ್ಕಕ್ಕೆ ಹಾಕುವುದಿಲ್ಲ. ಆದರೆ ಆ ಕಪ್ಪು ಹೊಗೆಯಲ್ಲಿ ಇರುವುದೂ ಅದೇ. ಚಿಮಣಿಗೆ ಫಿಲ್ಟರ್ ಹಾಕಬಹುದು, ಬಯಲ ಬೆಂಕಿಗೆ ಹೇಗೆ ಹಾಕುತ್ತೀರಿ?

ಬೇರೆ ತಾಲ್ಲೂಕಿನವರೂ ಇದನ್ನು ಓದಬಹುದು, ಅವರಿಗೆ ಎರಡು ಮಾತು. ಬಳ್ಳಾರಿಯ ಜೀನ್ಸ್ ವಾಷಿಂಗ್ ನೀರಿನ ನೀಲಿಯನ್ನು ನೋಡಿ ಜನ ಬೆಚ್ಚುತ್ತಾರೆ. ನೀಲಿ ಬಣ್ಣಕ್ಕಿಂತ ಬಟ್ಟೆ ತೊಳೆಯುವ ಕೆಲವು ಡಿಟರ್ಜೆಂಟುಗಳ ಬಗ್ಗೆ ನನಗೆ ಹೆಚ್ಚು ಚಿಂತೆ. ನೊನೈಲ್‌ಫಿನಾಲ್ ಎಥಾಕ್ಸಿಲೇಟ್ ಇರುವಂಥವು ಮುರಿದಾಗ ನೊನೈಲ್‌ಫಿನಾಲ್ ಆಗುತ್ತದೆ. ಅದು ಹೆಣ್ಣು ಹಾರ್ಮೋನಿನಂತೆ ನಟಿಸಿ ಮೀನಿನ ಸಂತಾನ ಕೆಡಿಸುತ್ತದೆ. ಯುರೋಪಿಗೆ ಹೋಗುವ, ಒಗೆದು ಉಡುವ ಬಟ್ಟೆಯಲ್ಲಿ 2021ರ ಫೆಬ್ರುವರಿಯಿಂದ ಅದು 0.01 ಶೇಕಡಾ ಮೀರುವಂತಿಲ್ಲ. ಘಟಕದವರು ಕೆಮಿಕಲ್ ಕೊಳ್ಳುವಾಗಲೇ ಅದಿಲ್ಲದ್ದನ್ನು ಕೇಳಿ ತರಬಹುದು. ರಾಯಚೂರು, ಸಿಂಧನೂರು ಕಡೆಯ ಹತ್ತಿ, ಭತ್ತದ ರೈತರಿಗೆ ಹೇಳುವುದು ಕ್ರಿಮಿನಾಶಕದ ಡಬ್ಬಿಯ ವಿಷಯ. ಖಾಲಿ ಡಬ್ಬಿಯನ್ನು ತೊಳೆದು ಹೊಲಕ್ಕೆ ಕುಡಿಯುವ ನೀರು ಒಯ್ಯುವುದು ಬೇಡ. ವಿಷ ಪ್ಲಾಸ್ಟಿಕ್ಕಿನೊಳಗೆ ಇಂಗಿರುತ್ತದೆ. ಮೂರು ಸಲ ಗಲಬರಿಸಿ ಆ ನೀರನ್ನು ಸಿಂಪಡಣೆ ಟ್ಯಾಂಕಿಗೇ ಹಾಕಿ, ಡಬ್ಬಿಗೆ ತೂತು ಹೊಡೆದುಬಿಡಿ.

ನಾನ್‌ಸ್ಟಿಕ್ ತವಾಕ್ಕೆ ಹೆಚ್ಚು ಮಾತು ಬೇಕಿಲ್ಲ. ಅದರ ಲೇಪ ಟೆಫ್ಲಾನ್, 1938ರಲ್ಲಿ ಆಕಸ್ಮಿಕವಾಗಿ ಸಿಕ್ಕ ವಸ್ತು. ಅದರ ಚೂರು ಹೊಟ್ಟೆಗೆ ಹೋದರೂ ಕರಗದೆ ಹೊರಗೆ ಬರುತ್ತದೆ. ಕಾಟ ಇದ್ದದ್ದು ಅದನ್ನು ತಯಾರಿಸಲು ಬಳಸುತ್ತಿದ್ದ ಪಿಎಫ್‌ಒಎಯಿಂದ, ಮತ್ತು ಆ ಕಾರ್ಖಾನೆಯ ನೆರೆಯವರಿಗೆ. ದೋಸೆಗೆ ಸಣ್ಣ ಉರಿಯಲ್ಲಿ ಬಳಸಿದರೆ ಅಡ್ಡಿಯಿಲ್ಲ. ಲೇಪ ಎದ್ದಿದ್ದರೆ ಆ ತವಾ ಬಳಸುವುದನ್ನು ಬಿಡಿ. ಖಾಲಿ ತವಾ ಜೋರು ಉರಿಯಲ್ಲಿಟ್ಟು ಮೆಣಸಿನಕಾಯಿ ಹುರಿಯುವುದು, ರೊಟ್ಟಿ ಬೇಯಿಸುವುದು ಮಾತ್ರ ಬೇಡ. 260 ಡಿಗ್ರಿ ದಾಟಿದರೆ ಲೇಪ ಕೆಡಲು ಶುರು, ಇನ್ನೂ ಕಾದರೆ ಬರುವ ಹೊಗೆಗೆ ಮನೆಯ ಗಿಳಿ ಸತ್ತಾವು, ಮನುಷ್ಯರಿಗೆ ಜ್ವರ ಬಂದೀತು. ಜೋಳದ ರೊಟ್ಟಿಗೆ ಕಬ್ಬಿಣದ ಹಂಚೇ ಸರಿ. ರುಚಿಯೂ ಅದರದ್ದೇ, ಅಲ್ವಾ?

ಇನ್ನು ಪರೀಕ್ಷೆ. ಮೊದಲು ಫ್ಲೋರೈಡ್, ನೈಟ್ರೇಟ್, ಕೋಲಿಫಾರ್ಮ್ (ನೀರಿಗೆ ಹೊಲಸು ಸೇರಿದ್ದನ್ನು ತೋರಿಸುವ ಸೂಕ್ಷ್ಮಜೀವಿ) ಮಾಡಿಸಿ. ಪಂಚಾಯ್ತಿಯ ಕಿಟ್ ಇದೆ, ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಜಿಲ್ಲಾ ಲ್ಯಾಬ್ ಇದೆ. ರಾಯಚೂರಿನ ಚಿನ್ನದ ಗಣಿಯ ಸುತ್ತಲಿನವರು ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಇವು ನಮ್ಮಲ್ಲಿ ಇರುವ ತೊಂದರೆಗಳು, ಪರೀಕ್ಷೆಗೂ ಖರ್ಚು ಕಡಿಮೆ. ಪಿಫಾಸ್‌ಗೆ ಎಲ್‌ಸಿ‌ಎಂಎಸ್‌ಎಂಎಸ್ ಎಂಬ ದುಬಾರಿ ಯಂತ್ರ ಬೇಕು. ಬೆಂಗಳೂರು, ಹೈದರಾಬಾದಿನ ದೊಡ್ಡ ಎನ್‌ಎಬಿಎಲ್ ಲ್ಯಾಬುಗಳಲ್ಲಿ ವಿಚಾರಿಸಬೇಕು. ಒಬ್ಬೊಬ್ಬರೇ ಮನೆಯ ದುಡ್ಡು ಹಾಕಿ ಮಾಡಿಸುವ ಪರೀಕ್ಷೆ ಇದಲ್ಲ. ಊರಿಗೆ ಸೇರಿ ಒಂದು ಬೋರು, ಫ್ಯಾಕ್ಟರಿ ಕೆಳಗಿನ ಒಂದು ಹಳ್ಳ, ಮೇಲಿನ ದಿಕ್ಕಿನ ಒಂದು ಬೋರು, ಮೂರು ಸ್ಯಾಂಪಲ್ ಸಾಕು. ಮೇಲಿನದು ಇಲ್ಲದಿದ್ದರೆ ಕೆಳಗಿನದರ ಅಂಕಿಗೆ ಅರ್ಥ ಬರುವುದಿಲ್ಲ.

ಲ್ಯಾಬಿಗೆ ಫೋನ್ ಮಾಡಿದಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಒಂದು: ನಿಮ್ಮ ಯಂತ್ರ ಎಷ್ಟು ನ್ಯಾನೋಗ್ರಾಂವರೆಗೆ ಕಾಣುತ್ತದೆ? 100ಕ್ಕಿಂತ ಕೆಳಗೆ ಕಾಣದ ಲ್ಯಾಬು ‘ಪತ್ತೆಯಾಗಿಲ್ಲ’ ಅಂತ ಬರೆದುಕೊಟ್ಟರೆ ಆ ಕಾಗದಕ್ಕೆ ಬೆಲೆಯಿಲ್ಲ. ಅಮೆರಿಕದ ಮಿತಿ ಇರುವುದೇ 4. ಸ್ಯಾಂಪಲ್ ಬಾಟಲಿ ಲ್ಯಾಬಿನವರೇ ಕೊಡಲಿ. ನೀರು ಹಿಡಿಯುವವರು ರೇನ್‌ಕೋಟ್ ಹಾಕಿಕೊಂಡು ಹಿಡಿಯಬಾರದು. ನಲ್ಲಿಯ ಬಿಳಿ ಟೆಫ್ಲಾನ್ ಟೇಪಿನ ಹತ್ತಿರವೂ ಬೇಡ, ಅದರಿಂದಲೇ ಅಂಕಿ ಏರಬಹುದು.

ಫ್ಯಾಕ್ಟರಿಯವರನ್ನು ಕೇಳಲು ಪರೀಕ್ಷೆಯ ವರದಿಗೆ ಕಾಯಬೇಕಿಲ್ಲ. ದೊಡ್ಡ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವಾಗ ಷರತ್ತುಗಳಿರುತ್ತವೆ, ಆರು ತಿಂಗಳಿಗೊಮ್ಮೆ ಪಾಲನಾ ವರದಿ ಕೊಡಬೇಕು. ಅದನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಹೊಸ ಘಟಕ, ವಿಸ್ತರಣೆ ಅಂದಾಗ ಸಾರ್ವಜನಿಕ ಅಹವಾಲು ಸಭೆ ನಡೆಯುತ್ತದೆ. ಅಲ್ಲಿ ‘ವಿಷ ಬಿಡಬೇಡಿ’ ಅಂತ ಕೂಗಿದರೆ ಬರೆದುಕೊಂಡು ಸುಮ್ನೆ ಆಗುತ್ತಾರೆ. ನೇರವಾಗಿ ಕೇಳಿ. ನಿಮ್ಮ ಬೆಂಕಿ ನೊರೆಯಲ್ಲಿ ಫ್ಲೋರಿನ್ ಇದೆಯಾ? ಫ್ಲೋರಿನ್ ಇಲ್ಲದ ನೊರೆ ಈಗ ಸಿಗುತ್ತದೆ, ಯಾವಾಗ ಬದಲಿಸುತ್ತೀರಿ? ಅಣಕು ಪ್ರದರ್ಶನದ ನೀರನ್ನು ಎಲ್ಲಿ ಹಿಡಿದಿಡುತ್ತೀರಿ? ಸಿಂಟರ್ ಚಿಮಣಿಯ ಡಯಾಕ್ಸಿನ್ ಕೊನೆಯ ಸಲ ಅಳೆದದ್ದು ಯಾವಾಗ, ಅಂಕಿ ಎಷ್ಟು? ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪಿಸಿಬಿ ಪರೀಕ್ಷೆ ಆಗಿದೆಯಾ, ಎಣ್ಣೆ ಯಾರಿಗೆ ಹೋಯಿತು? ಹೊರಗೆ ಹನಿ ನೀರೂ ಬಿಡುವುದಿಲ್ಲ ಅನ್ನುವ ಕಾರ್ಖಾನೆಯಲ್ಲೂ ಮೊದಲ ಮಳೆಗೆ ಅಂಗಳ ತೊಳೆದುಹೋಗುವ ನೀರು ಯಾವ ಹಳ್ಳಕ್ಕೆ ಸೇರುತ್ತದೆ? ಪ್ರಶ್ನೆಗಳನ್ನು ಕಾಗದದಲ್ಲಿ ಬರೆದುಕೊಡಿ, ನಡಾವಳಿಯಲ್ಲಿ ಸೇರಿಸಲು ಹೇಳಿ, ಒಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.